ನೋಡುಗರು ಜಾಣರಾದರೆ ಸಾಕೆ?

ಓದುಗರ ಪತ್ರ: “ಟೀವಿ ತೋರಿಸಿದ್ದನ್ನೆಲ್ಲ ಜನ ಹಾಗೇ ನಂಬುವುದಿಲ್ಲ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಆದರೆ ಧಾರಾವಾಹಿಗಳಲ್ಲಿ ನಮ್ಮ ಧಾರವಾಡದ ಕಡೆಯ ಮಾತು ಬರುವುದು ಜಾಸ್ತಿ ನಗಿಸೋಕೇ. ನೋಡುಗರು ಅಷ್ಟು ಜಾಣರಾಗಿದ್ದರೆ ನಾವು ಇದಕ್ಕೆ ಬೇಸರ ಪಡಬೇಕಿಲ್ಲ, ಅಲ್ವಾ?”
— ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಪಡಲೇಬೇಕು ಸರ್. ನಿಮ್ಮ ಪ್ರಶ್ನೆ ಮೊನಚಾಗಿದೆ, ಸುಮ್ನೆ ಎರಡು ಸಾಲಿನಲ್ಲಿ ಮುಗಿಸುವಂಥದ್ದಲ್ಲ.

ನಾನು ಬರೆದದ್ದಕ್ಕೆ ಹಿನ್ನೆಲೆ ಸ್ಟುವರ್ಟ್ ಹಾಲ್. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮಾಧ್ಯಮ ಚಿಂತಕರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದಾಗ, 1973ರಲ್ಲಿ, ಒಂದು ಪ್ರಬಂಧ ಬರೆದರು. ಕಾರ್ಯಕ್ರಮ ಮಾಡುವವರು ಅದರಲ್ಲೊಂದು ಅರ್ಥ ಇಟ್ಟು ಕಳಿಸುತ್ತಾರೆ. ನೋಡುವವರು ಅದನ್ನು ಹಾಗೇ ಒಪ್ಪಬಹುದು, ಸ್ವಲ್ಪ ಒಪ್ಪಿ ಸ್ವಲ್ಪ ಬಿಡಬಹುದು, ಇಲ್ಲವೇ ಪೂರ್ತಿ ತಿರಸ್ಕರಿಸಬಹುದು. ತಿರುಳು ಇಷ್ಟೇ.

ನಿಜವಾಗಿ ಹಾಗಾಗುತ್ತದೆಯೇ ಎಂದು ಜನರ ಹತ್ತಿರ ಹೋಗಿ ನೋಡಿದವರು ಅಲ್ಲೇ ಇದ್ದ ಡೇವಿಡ್ ಮಾರ್ಲಿ. ಬಿಬಿಸಿಯ ‘ನೇಷನ್‌ವೈಡ್’ ಎಂಬ ಸಂಜೆಯ ಸುದ್ದಿ-ವಿಚಾರದ ಕಾರ್ಯಕ್ರಮವನ್ನು 29 ಗುಂಪುಗಳಿಗೆ ತೋರಿಸಿ, ಮಾತಾಡಿಸಿ, 1980ರಲ್ಲಿ ಅಧ್ಯಯನ ಪ್ರಕಟಿಸಿದರು. ಸಿಕ್ಕಿದ್ದು ಸ್ವಾರಸ್ಯವಾಗಿತ್ತು. ಬ್ಯಾಂಕ್ ಮ್ಯಾನೇಜರುಗಳಿಗೆ ಕಾರ್ಯಕ್ರಮದ ಧಾಟಿ ಹಿಡಿಸಲಿಲ್ಲ, ಆದರೆ ಅದು ಹೇಳಿದ್ದರ ಬಗ್ಗೆ ತಕರಾರೇ ಇರಲಿಲ್ಲ. ಕಾರ್ಮಿಕ ಸಂಘದ ಮುಂದಾಳುಗಳದು ಉಲ್ಟಾ. ಧಾಟಿ ಇಷ್ಟವಾಯಿತು, ಹೇಳಿದ್ದನ್ನು ಮಾತ್ರ ಸುತರಾಂ ಒಪ್ಪಲಿಲ್ಲ. ದುಡಿಯುವವರೆಲ್ಲ ಒಂದೇ ಕಡೆ ಎಂದುಕೊಂಡರೆ ಅದೂ ಅಲ್ಲ. ಕೆಲಸ ಕಲಿಯುತ್ತಿದ್ದ ಅಪ್ರೆಂಟಿಸ್ ಹುಡುಗರು ಮ್ಯಾನೇಜರುಗಳ ಹತ್ತಿರವೇ ನಿಂತರು.

(ಈ ಗುಂಪುಗಳು ನೋಡಿದ್ದು ಮನೆಯಲ್ಲಲ್ಲ ಎಂಬ ಟೀಕೆ ಬಂತು. ಮಾರ್ಲಿ ಆಮೇಲೆ ಲಂಡನ್ನಿನ ಮನೆಗಳಿಗೇ ಹೋದರು. ರಿಮೋಟು ಹೆಚ್ಚಾಗಿ ಗಂಡಸರ ಕೈಲಿತ್ತು! ನಮ್ಮಲ್ಲಿ ಧಾರಾವಾಹಿಯ ಹೊತ್ತಿಗೆ ಅದು ಯಾರ ಕೈಲಿರುತ್ತದೆ, ನಿಮಗೇ ಗೊತ್ತು.)

ನಿಮಗೆ ಬೇಕಾದ ಉತ್ತರ ಕೊಟ್ಟವರು ಆ 29 ಗುಂಪುಗಳಲ್ಲೇ ಇದ್ದ ಇನ್ನೊಂದು ಕಡೆಯವರು, ಕಾಲೇಜಿನ ಕಪ್ಪು ವಿದ್ಯಾರ್ಥಿಗಳು. ಅವರು ಒಪ್ಪಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಕಾರ್ಯಕ್ರಮದಲ್ಲಿ ತಮ್ಮ ಬದುಕಿಗೆ ಸಂಬಂಧಪಟ್ಟದ್ದು ಅವರಿಗೆ ಹೆಚ್ಚುಕಡಿಮೆ ಏನೂ ಕಾಣಲಿಲ್ಲ. ಎದುರು ಮಾತಾಡುವುದಕ್ಕಾದರೂ ಪರದೆಯ ಮೇಲೆ ತಮ್ಮದೆನ್ನುವುದು ಏನಾದರೂ ಇರಬೇಕಲ್ಲ.

ಧಾರವಾಡದ ನೋಡುಗರು ಧಾರಾವಾಹಿಯಲ್ಲಿ ನಗಿಸಲೆಂದೇ ಇಟ್ಟ ಆ ಪಾತ್ರವನ್ನು ನೋಡಿ “ಹಿಂಗ ಯಾರ್ ಮಾತಾಡ್ತಾರ್ರೀ” ಎಂದು ನಕ್ಕು ಬಿಡಬಹುದು. ಜಾಣತನವೇ ಅದು. ಆದರೆ ಅಷ್ಟರಿಂದ ಧಾರವಾಡದ ಮಾತಾಡುವ ಡಾಕ್ಟರೋ ಜಡ್ಜೋ ಮುಂದಿನ ಕಂತಿನಲ್ಲಿ ಹುಟ್ಟಿಬಿಡುವುದಿಲ್ಲ. ಧಾರವಾಡ ಕಡೆಗೆ ಕಾಲಿಡದವರಿಗೆ ಗೊತ್ತಿರುವುದು ಆ ಒಂದು ಪಾತ್ರ ಮಾತ್ರ. ಅವರೆಷ್ಟೇ ಜಾಣರಾದರೂ ಯಾವುದರ ಜೊತೆ ಹೋಲಿಸಿ ನೋಡಬೇಕು? ಇದಕ್ಕಿಂತ ಕಿರಿಕಿರಿಯ ಸಂಗತಿ ಇನ್ನೊಂದಿದೆ. ಟಿಆರ್‌ಪಿ ಲೆಕ್ಕದಲ್ಲಿ, ಅಂದರೆ ಎಷ್ಟು ಜನ ನೋಡಿದರು ಎಂದು ಮನೆಗಳಲ್ಲಿ ಮೀಟರಿಟ್ಟು ಹಾಕುವ ಲೆಕ್ಕದಲ್ಲಿ, ಮೆಚ್ಚಿ ನೋಡಿದವರೂ ಬೈದುಕೊಂಡು ನೋಡಿದವರೂ ಒಂದೇ. ನೀವು ಮನೆಯಲ್ಲಿ ಕೂತು ಎಷ್ಟು ಸಿಟ್ಟಾದಿರಿ ಎನ್ನುವುದನ್ನು ಆ ಮೀಟರು ಅಳೆಯುವುದಿಲ್ಲ. ಹಾಗಾಗಿ ಈ ಪತ್ರದ ಒಂದು ಪ್ರತಿಯನ್ನು ಆ ಧಾರಾವಾಹಿ ತೋರಿಸುವ ಚಾನೆಲ್ಲಿಗೂ ಕಳಿಸಿ.