ಓದುಗರ ಪ್ರಶ್ನೆ, ನಮ್ಮ ಉತ್ತರ: ದಕ್ಷಿಣ ಆಫ್ರಿಕಾದ ಕಚೇರಿಗಳಲ್ಲಿ ಫೋನು, ನೆಟ್ಟು, ಕರೆಂಟು

ಈ ಸಲ ಆಯ್ದುಕೊಂಡ ಪತ್ರಗಳು ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡುವ, ಇಲ್ಲವೇ ಬೆಂಗಳೂರಿನಲ್ಲಿ ಕೂತು ಅಲ್ಲಿನ ಕಂಪನಿಗಳ ಸರ್ವರ್ ನೋಡಿಕೊಳ್ಳುವ ಕನ್ನಡಿಗರವು.

ಪ್ರಶ್ನೆ: ಜೋಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾ ನಡುವಿನ ಮಿಡ್‌ರ್ಯಾಂಡ್‌ನಲ್ಲಿ, ಒಂದು ಆಫೀಸ್ ಪಾರ್ಕ್‌ನೊಳಗೆ ನಮ್ಮ ಹನ್ನೆರಡು ಜನರ ಕಚೇರಿ ಇದೆ. ಫೈಬರ್ ಇದೆ, ಎಲ್‌ಟಿಇ (4ಜಿ ಮೊಬೈಲ್ ನೆಟ್) ಬ್ಯಾಕಪ್ ಇದೆ, ಯುಪಿಎಸ್ ಕೂಡ ಇದೆ. ಆದರೂ ಕರೆಂಟು ಹೋಗಿ ಅರ್ಧ ಗಂಟೆಯೊಳಗೆ ಫೋನೂ ಇಲ್ಲ, ನೆಟ್ಟೂ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಯುಪಿಎಸ್ ಲೆಕ್ಕ ಹಾಕೋಣ. ಮೇಜಿನ ಕೆಳಗಿಡುವ 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದೇ ಒಂದು ಬ್ಯಾಟರಿ ಇರುತ್ತದೆ. ಕಾಗದದ ಮೇಲೆ ಅದು 84 ವ್ಯಾಟ್-ಅವರ್. ಬೇಗ ಬೇಗ ಹೀರಿದರೆ ಅದರಲ್ಲಿ ಅರ್ಧ ಸಿಕ್ಕರೆ ಪುಣ್ಯ. ಇನ್ನು ನಿಮ್ಮ ಹೊರೆ: ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿಗೆ 10 ವ್ಯಾಟ್, ರೂಟರ್‌ಗೆ 15, ಎಲ್‌ಟಿಇ ರೂಟರ್‌ಗೆ 10, ನೆಟ್ ತಂತಿಯಲ್ಲೇ ಕರೆಂಟೂ ಕೊಡುವ ಪಿಒಇ ಸ್ವಿಚ್‌ಗೇ 25, ಅದರಿಂದ ಕರೆಂಟು ಪಡೆಯುವ 12 ಐಪಿ ಫೋನ್‌ಗಳಿಗೆ (ನೆಟ್ ಮೇಲೆ ಓಡುವ ಫೋನು) ತಲಾ 4ರಂತೆ 48, ಮೂರು ವೈಫೈ ಆಕ್ಸೆಸ್ ಪಾಯಿಂಟ್‌ಗೆ 30. ಎಲ್ಲ ಸೇರಿ ಸುಮಾರು 140 ವ್ಯಾಟ್. ಆ ಯುಪಿಎಸ್ 20 ನಿಮಿಷ ತಾಳಿದರೆ ಅದೇ ಹೆಚ್ಚು.

ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಂನ (Eskom) ಲೋಡ್ ಶೆಡ್ಡಿಂಗ್ ಪಾಳಿ ಎರಡರಿಂದ ಎರಡೂವರೆ ಗಂಟೆ. ಕೊರತೆ ಹೆಚ್ಚಿದಂತೆ ಕಡಿತದ ಹಂತವೂ ಏರುತ್ತದೆ; ಹಂತ ಏರಿದರೆ ನಾಲ್ಕೂವರೆ ಗಂಟೆಯೂ ಆಗುವುದುಂಟು. 140 ವ್ಯಾಟನ್ನು ನಾಲ್ಕೂವರೆ ಗಂಟೆ ಓಡಿಸಲು 630 ವ್ಯಾಟ್-ಅವರ್ ಬೇಕು. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ 720. 25.6 ವೋಲ್ಟ್, 50 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಶೇ 80ರಷ್ಟೇ ಬಳಸಿದರೂ ಸಾಕಾಗಿ ಉಳಿಯುತ್ತದೆ. ದುಡ್ಡು ಉಳಿಸಲು 12 ವೋಲ್ಟ್, 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ತರಬೇಡಿ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಕೆಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಚಾರ್ಜಿಂಗ್‌ನದು. ನಾಲ್ಕನೇ ಹಂತದಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತದೆ, ನಡುವೆ ಸಿಗುವುದು ಐದಾರು ಗಂಟೆ. ಅಷ್ಟರಲ್ಲಿ ಲೆಡ್ ಆಸಿಡ್ ಪೂರ್ತಿ ತುಂಬುವುದಿಲ್ಲ; ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬಾಕಿ ಉಳಿದು, ವಾರ ಕಳೆಯುವಷ್ಟರಲ್ಲಿ ಬ್ಯಾಟರಿ ಸುಸ್ತು. 2023ರಲ್ಲಿ ಎಷ್ಟೋ ಕಚೇರಿಗಳ ಬ್ಯಾಟರಿ ಸತ್ತದ್ದು ಹೀಗೆ.

2024ರ ಮಾರ್ಚ್ ಕೊನೆಯಲ್ಲಿ ಲೋಡ್ ಶೆಡ್ಡಿಂಗ್ ನಿಂತು ಹತ್ತು ತಿಂಗಳು ಬಿಡುವು ಸಿಕ್ಕಿತ್ತು, ನಿಜ. ಆದರೆ ಕೇಬಲ್ ಕಳವು, ನಗರಸಭೆಯ ಸಬ್‌ಸ್ಟೇಷನ್ ಕೆಡುವುದು ಇವಕ್ಕೆ ವೇಳಾಪಟ್ಟಿ ಇರುವುದಿಲ್ಲ. ಹಾಗಾಗಿ ನಾಲ್ಕೂವರೆ ಗಂಟೆಯ ಲೆಕ್ಕವನ್ನೇ ಹಿಡಿಯಿರಿ.

ಎರಡನೆಯದು ಹೆಚ್ಚಿನವರ ಕಣ್ಣಿಗೆ ಬೀಳದ ಜಾಗ. ಕರೆಂಟು ಹೋದಾಗ ಓಎನ್‌ಟಿ ದೀಪ ನೋಡಿ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ: ಆಚೆ ಕಡೆಯ ಉಪಕರಣ ಸತ್ತಿದೆ, ಇಲ್ಲವೇ ಎಳೆ ಕಡಿದಿದೆ. ಪಿಒಎನ್ (ಫೈಬರ್ ಸಂಪರ್ಕದ) ದೀಪ ಹಸಿರಾಗಿ ನಿಂತೇ ಇದ್ದು ನೆಟ್ ಇಲ್ಲದಿದ್ದರೆ ತೊಂದರೆ ಇನ್ನೂ ಮೇಲಕ್ಕಿದೆ. ಜಿಪಾನ್ ಎಂಬ ಬಗೆಯ ಫೈಬರ್‌ನಲ್ಲಿ, ಒಂದು ಎಳೆಯನ್ನು ಹಲವರಿಗೆ ಹಂಚುವ ಬೀದಿಯ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಅದು ಒಳ್ಳೆಯದು. ಆದರೆ ಆಫೀಸ್ ಪಾರ್ಕ್‌ಗಳಲ್ಲಿ ಹಲವು ಕಡೆ ಫೈಬರ್ ನೆಲಮಾಳಿಗೆಯ ಒಂದು ಕೋಣೆಗೆ ಬಂದು, ಅಲ್ಲಿನ ಸ್ವಿಚ್‌ನಿಂದ ಮಹಡಿಗಳಿಗೆ ಹಂಚಿಕೆಯಾಗುತ್ತದೆ. ಆ ಸ್ವಿಚ್ ಕಟ್ಟಡದ ಮಾಲೀಕರ ಕರೆಂಟಿನ ಮೇಲೆ ನಿಂತಿದೆ. ನಿಮ್ಮ ಯುಪಿಎಸ್ ಎಷ್ಟು ದೊಡ್ಡದಾದರೂ ಅದಕ್ಕೆ ಉಪಯೋಗವಿಲ್ಲ. ಕಟ್ಟಡದ ಮ್ಯಾನೇಜರ್‌ನನ್ನು ಕರೆದುಕೊಂಡು ಹೋಗಿ ಆ ಕೋಣೆಯನ್ನು ಕಣ್ಣಾರೆ ನೋಡಿ ಬನ್ನಿ. ಅಲ್ಲಿ ಯುಪಿಎಸ್ ಇದ್ದರೂ ಬ್ಯಾಟರಿಯ ಮೇಲಿನ ತಾರೀಕು ಓದಿ.

ಮೂರನೆಯದು ಎಲ್‌ಟಿಇ. ನಿಮ್ಮ ಬೀದಿಯಲ್ಲಿ ಕರೆಂಟು ಹೋದಾಗ ಸಾಮಾನ್ಯವಾಗಿ ಟವರ್‌ನದೂ ಹೋಗಿರುತ್ತದೆ. ಟವರ್ ಬ್ಯಾಟರಿ ಕಳವಾಗಿರಬಹುದು, ತುಂಬದೆಯೂ ಇರಬಹುದು. ಎದ್ದು ನಿಂತಿರುವ ಟವರ್‌ಗೆ ಇಡೀ ಬಡಾವಣೆ ಒಮ್ಮೆಲೇ ಮುಗಿಬೀಳುತ್ತದೆ. ಸಿಮ್ ಕೊಳ್ಳುವ ಮುನ್ನ ಕರೆಂಟಿಲ್ಲದ ಹೊತ್ತಿನಲ್ಲೇ ವೊಡಾಕಾಮ್, ಎಂಟಿಎನ್, ಟೆಲ್ಕಾಮ್ ಮೂರನ್ನೂ ಫೋನಿನಲ್ಲಿ ಹಾಕಿ ಪರೀಕ್ಷಿಸಿ. ಸೆಲ್ ಸಿ ಬೇರೆ ಕಂಪನಿ, ಹಾಗಾಗಿ ಬೇರೆ ದಾರಿ ಎಂದುಕೊಳ್ಳಬೇಡಿ. ಅದು ಓಡುವುದೇ ವೊಡಾಕಾಮ್, ಎಂಟಿಎನ್ ಟವರ್‌ಗಳ ಮೇಲೆ.

ಕೊನೆಗೆ ಸೆಟ್ಟಿಂಗ್. ಆಚೆ ನೆಟ್ ಸತ್ತರೂ ನಿಮ್ಮ ಓಎನ್‌ಟಿ ಯುಪಿಎಸ್ ಮೇಲೆ ಬದುಕಿರುತ್ತದೆ. ಅದರಿಂದ ರೂಟರ್‌ಗೆ ಹೋಗುವ ತಂತಿಯೂ ‘ಅಪ್’ ಎಂದೇ ತೋರಿಸುತ್ತದೆ. ತಂತಿ ನೋಡಿ ನಿರ್ಧರಿಸುವ ರೂಟರ್ ಎಲ್‌ಟಿಇಗೆ ಬದಲಾಗುವುದೇ ಇಲ್ಲ. ಹೊರಗಿನ ಎರಡು ಬೇರೆ ಬೇರೆ ವಿಳಾಸಗಳಿಗೆ, ಉದಾಹರಣೆಗೆ 8.8.8.8 ಮತ್ತು 1.1.1.1ಕ್ಕೆ, 5 ಸೆಕೆಂಡಿಗೊಮ್ಮೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಸಂದೇಶ) ಹೋಗಲಿ. ಎರಡೂ ಸತತ ಮೂರು ಸಲ ತಪ್ಪಿದರೆ ದಾರಿ ಬದಲಿಸುವಂತೆ ಇಡಿ. ಐಪಿ ಫೋನ್‌ಗಳ ರಿಜಿಸ್ಟ್ರೇಷನ್ ಅವಧಿ (ತಾನಿರುವ ವಿಳಾಸವನ್ನು ಫೋನು ಕಂಪನಿಯ ಸರ್ವರ್‌ಗೆ ಮತ್ತೆ ತಿಳಿಸುವ ಅಂತರ) 3600 ಸೆಕೆಂಡ್ ಇದ್ದರೆ 120ಕ್ಕೆ ಇಳಿಸಿ. ಇಲ್ಲದಿದ್ದರೆ ನೆಟ್ ಬದಲಾದ ಮೇಲೂ ಒಳಬರುವ ಕರೆಗಳು ಒಂದು ಗಂಟೆ ಹಳೆಯ ವಿಳಾಸಕ್ಕೇ ಹೋಗಿ ಬೀಳುತ್ತವೆ.

ಪ್ರಶ್ನೆ: ಡರ್ಬನ್‌ನಲ್ಲಿ ಮಸಾಲೆ ಸಾಮಾನಿನ ಸಗಟು ವ್ಯಾಪಾರ. ಟೆಲ್ಕಾಮ್‌ನ ಹಳೆಯ ತಾಮ್ರದ ಲೈನ್ ತೆಗೆದು ಫೈಬರ್ ಮೇಲೆ ಫೋನ್ ಹಾಕಿಸಬೇಕೆಂದಿದ್ದೇವೆ. ಗಿರಾಕಿಗಳೆಲ್ಲರ ಬಳಿ ಇರುವ ನಮ್ಮ 031 ನಂಬರ್ ಉಳಿಯುತ್ತದೆಯೇ?

ಉತ್ತರ: ಉಳಿಯುತ್ತದೆ. ಊರಿನ ಕೋಡ್ ಇರುವ ಸ್ಥಿರ ನಂಬರನ್ನು ಬೇರೆ ಕಂಪನಿಗೆ ಒಯ್ಯುವ ಸೌಲಭ್ಯ ಅಲ್ಲಿ 2010ರಿಂದಲೇ ಇದೆ. ಒಂದೇ ಎಚ್ಚರ: ಹಳೆಯ ಲೈನನ್ನು ನೀವಾಗಿ ರದ್ದು ಮಾಡಬೇಡಿ. ರದ್ದಾದ ನಂಬರನ್ನು ಪೋರ್ಟ್ ಮಾಡಲಾಗುವುದಿಲ್ಲ. ಅರ್ಜಿ ಹಾಕುವುದು ಹೊಸ ಕಂಪನಿಯ ಕೆಲಸ; ನಂಬರ್ ಬಂದು ಸೇರಿದ ಮೇಲೆಯೇ ಹಳೆಯದಕ್ಕೆ ಬೀಗ.

ಇತ್ತೀಚಿನ ಬಿಲ್, ಕಂಪನಿ ನೋಂದಣಿ ಪತ್ರ, ಸಹಿ ಹಾಕುವವರ ಗುರುತಿನ ಚೀಟಿ, ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯವಾಗಿ ಹೆಸರಿನಿಂದ. ಬಿಲ್ ಇನ್ನೂ ಅಜ್ಜನ ಹೆಸರಿನಲ್ಲೋ ಹಳೆಯ ಪಾಲುದಾರಿಕೆಯ ಹೆಸರಿನಲ್ಲೋ ಇದ್ದು, ಅರ್ಜಿ ಈಗಿನ ಕಂಪನಿಯ ಹೆಸರಿನಲ್ಲಿ ಹೋಗಿರುತ್ತದೆ. ಮೊದಲು ಬಿಲ್ಲಿನ ಹೆಸರು ಸರಿಪಡಿಸಿಕೊಂಡರೆ ವಾರಗಳು ಉಳಿಯುತ್ತವೆ. ಐಎಸ್‌ಡಿಎನ್ (ಹಲವು ಕರೆ ಒಟ್ಟಿಗೆ ಸಾಗಿಸುವ ಹಳೆಯ ಡಿಜಿಟಲ್ ಲೈನ್) ಜೊತೆ ಸಾಲಾಗಿ ಬಂದ ನಂಬರ್‌ಗಳಿದ್ದರೆ ಮುಖ್ಯ ನಂಬರ್ ಒಂದನ್ನೇ ಬರೆದು ಸುಮ್ಮನಾಗಬೇಡಿ, ಇಡೀ ಸಾಲನ್ನು ಬರೆಯಿರಿ.

ಆ ತಾಮ್ರದ ಲೈನ್‌ಗೆ ಇನ್ನೇನೇನು ಜೋತುಬಿದ್ದಿದೆ ಎಂದು ಗೋದಾಮು ಸುತ್ತಿ ನೋಡಿ. ಕಳ್ಳರ ಅಲಾರಂ, ಲಿಫ್ಟಿನೊಳಗಿನ ತುರ್ತು ಫೋನು, ಗೇಟಿನ ಇಂಟರ್‌ಕಾಮ್, ಹಳೆಯ ಕಾರ್ಡ್ ಮೆಷಿನ್, ಫ್ಯಾಕ್ಸ್ ಇರಬಹುದು. ಎಡಿಎಸ್‌ಎಲ್ ನೆಟ್ ಕೂಡ ಅದೇ ಲೈನ್ ಮೇಲಿದ್ದರೆ ನಂಬರ್ ಹೋದ ದಿನವೇ ನೆಟ್ಟೂ ಹೋಗುತ್ತದೆ. ಫೈಬರ್ ಬಂದು ಒಂದು ವಾರ ಸರಿಯಾಗಿ ಓಡಿದ ಮೇಲೆಯೇ ಪೋರ್ಟ್‌ಗೆ ಕೈಹಾಕಿ. ಅದೂ ವಾರದ ನಡುವಿನ ದಿನ, ಬೆಳಿಗ್ಗೆ. ಶುಕ್ರವಾರ ಮಧ್ಯಾಹ್ನ ಕೆಟ್ಟರೆ ಸೋಮವಾರದವರೆಗೆ ಕೇಳುವವರಿರುವುದಿಲ್ಲ. ಪೋರ್ಟ್ ಆದ ಕೂಡಲೇ ವೊಡಾಕಾಮ್, ಎಂಟಿಎನ್, ಸೆಲ್ ಸಿ, ಟೆಲ್ಕಾಮ್ ನಾಲ್ಕರಿಂದಲೂ ಕರೆ ಮಾಡಿಸಿ. ಒಂದು ಜಾಲದಲ್ಲಿ ಹಳೆಯ ದಾರಿಯೇ ಉಳಿದಿದ್ದರೆ ಆ ಗಿರಾಕಿಗಳಿಗೆ ಮಾತ್ರ ನೀವು ಸಿಗುವುದಿಲ್ಲ, ನಿಮಗೆ ಅದು ಗೊತ್ತೂ ಆಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ನಮ್ಮ ತಂಡ ಕೇಪ್ ಟೌನ್‌ನ ಕಂಪನಿಯೊಂದರ ಸರ್ವರ್ ನೋಡಿಕೊಳ್ಳುತ್ತದೆ. ಪಿಂಗ್ ಕೆಲವು ದಿನ 170 ಮಿಲಿಸೆಕೆಂಡ್, ಕೆಲವು ದಿನ 300 ದಾಟುತ್ತದೆ. ಎರಡೂ ಕಡೆ 100 ಎಂಬಿಪಿಎಸ್ ಲೈನ್ ಇದ್ದರೂ ಫೈಲ್ ಕಾಪಿ 2 ಎಂಬಿಪಿಎಸ್ ಮೀರುವುದಿಲ್ಲ. ಯಾಕೆ?

ಉತ್ತರ: ಕೇಪ್ ಟೌನ್ ಬಳಿಯ ಮೆಲ್ಕ್‌ಬೋಸ್‌ಸ್ಟ್ರಾಂಡ್‌ನಿಂದ ಹೊರಡುವ ಸೇಫ್ ಎಂಬ ಕಡಲ ಕೇಬಲ್ ಮಾರಿಷಸ್ ಮೇಲಿಂದ ನೇರ ಕೊಚ್ಚಿಗೆ ಬರುತ್ತದೆ. ಹಿಂದೂ ಮಹಾಸಾಗರದ ಕಡೆಯಿಂದ ಬಂದರೆ ದಾರಿ ಹತ್ತಿರ. ಆದರೆ ದಕ್ಷಿಣ ಆಫ್ರಿಕಾದ ನೆಟ್ ಸಂಚಾರದ ದೊಡ್ಡ ಪಾಲು ಪಶ್ಚಿಮ ಕರಾವಳಿಯ ಕೇಬಲ್‌ಗಳ ಮೇಲೆ ಯುರೋಪಿಗೆ ಹೋಗುತ್ತದೆ. ಅವುಗಳಲ್ಲಿ ಒಂದಾದ ವ್ಯಾಕ್ಸ್‌ನ ಉದ್ದವೇ ಸುಮಾರು 14,500 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹೋಗಿ ಬರಲು ಅಲ್ಲೇ 145 ಮಿಲಿಸೆಕೆಂಡ್ ಆಯಿತು. ಅದರ ಮೇಲೆ ಯುರೋಪಿನಿಂದ ಭಾರತದ ದಾರಿ. 300 ದಾಟಿದ ದಿನ ಟ್ರೇಸ್‌ರೂಟ್ (ನಡುವೆ ಹಾದುಹೋಗುವ ರೂಟರ್‌ಗಳನ್ನು ತೋರಿಸುವ ಆಜ್ಞೆ) ಹಾಕಿ ನೋಡಿ, ನಡುವಿನ ಹೆಸರುಗಳಲ್ಲಿ ಲಂಡನ್‌ದೋ ಮಾರ್ಸೇಯ್‌ದೋ ಸುಳಿವು ಸಿಗುತ್ತದೆ. 2024ರಲ್ಲಿ ಫೆಬ್ರುವರಿಯಲ್ಲಿ ಕೆಂಪು ಸಮುದ್ರದಲ್ಲಿ, ಮಾರ್ಚ್ 14ರಂದು ಐವರಿ ಕೋಸ್ಟ್ ಬಳಿ ಕೇಬಲ್‌ಗಳು ಕಡಿದವು. ಆಗ ಪೂರ್ವ, ಪಶ್ಚಿಮ ಎರಡೂ ಬದಿಗೆ ಪೆಟ್ಟು ಬಿದ್ದಿತ್ತು. ಕೊಂಡ ಎರಡು ಲೈನ್‌ಗಳು ಕಡಲಲ್ಲಿ ಒಂದೇ ಕೇಬಲ್ ಹಿಡಿಯುತ್ತವೆಯೇ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿ.

ಕಾಪಿಯ ಲೆಕ್ಕ ಬೇರೆ. ಹಳೆಯ ತಂತ್ರಾಂಶಗಳು, ಕೆಲವು ವಿಪಿಎನ್ ಡಬ್ಬಿಗಳು 64 ಕಿಲೋಬೈಟ್ ಕಳಿಸಿ, ಮುಟ್ಟಿತೆಂಬ ಉತ್ತರ ಬರುವವರೆಗೆ ಸುಮ್ಮನೆ ಕಾಯುತ್ತವೆ. 300 ಮಿಲಿಸೆಕೆಂಡಿಗೆ 64 ಕಿಲೋಬೈಟ್ ಎಂದರೆ 1.75 ಎಂಬಿಪಿಎಸ್. ಲೈನ್ 100 ಇರಲಿ, ಸಾವಿರ ಇರಲಿ, ಅಷ್ಟೇ. ಹೊಸ ಲೈನ್‌ಗೆ ದುಡ್ಡು ಸುರಿಯಬೇಡಿ. ಒಟ್ಟಿಗೆ ಎಂಟು ಹತ್ತು ಸಂಪರ್ಕದಲ್ಲಿ ಕಾಪಿ ಮಾಡುವ ತಂತ್ರಾಂಶ ಬಳಸಿ. ಇನ್ನೂ ಒಳ್ಳೆಯದು, ಕೇಪ್ ಟೌನ್‌ನ ಕ್ಲೌಡ್‌ನಲ್ಲೇ ಒಂದು ಸರ್ವರ್ ಇಟ್ಟು ಕೆಲಸವನ್ನೆಲ್ಲ ಅಲ್ಲೇ ಮುಗಿಸಿ. ಬೆಂಗಳೂರಿಗೆ ಪರದೆಯ ಚಿತ್ರವಷ್ಟೇ ಬರಲಿ. ಅಮೆಜಾನ್‌ನ ಕೇಪ್ ಟೌನ್ ಕೇಂದ್ರ 2020ರಿಂದ ಇದೆ.

ಪ್ರಶ್ನೆ: ಕೆಲಸಕ್ಕೆ ಜೋಹಾನ್ಸ್‌ಬರ್ಗ್‌ಗೆ ಹೊರಟಿದ್ದೇನೆ. ವೈಫೈ ರೂಟರ್, ಚಿಕ್ಕ ಯುಪಿಎಸ್ ಇಲ್ಲಿಂದಲೇ ಒಯ್ಯಲೇ?

ಉತ್ತರ: ಬೇಡ. ವೋಲ್ಟೇಜ್ ನಮ್ಮದೇ 230, 50 ಹರ್ಟ್ಜ್. ಆದರೆ ಗೋಡೆಯ ಸಾಕೆಟ್ ನಮ್ಮಲ್ಲಿ ಗೀಸರ್‌ಗೆ ಹಾಕುವ ದೊಡ್ಡ ಮೂರು ಗುಂಡು ಪಿನ್ನಿನಂಥದ್ದು; ನಮ್ಮ ಸಣ್ಣ ಪಿನ್ ಅದರಲ್ಲಿ ಕೂರುವುದಿಲ್ಲ. ವೈಫೈ ಉಪಕರಣಕ್ಕೆ ಅಲ್ಲಿನ ನಿಯಂತ್ರಣ ಸಂಸ್ಥೆ ಇಕಾಸಾದ ಮಾನ್ಯತೆಯೂ ಬೇಕು. ಲ್ಯಾಪ್‌ಟಾಪ್‌ಗೊಂದು ಅಡಾಪ್ಟರ್ ಸಾಕು. ಸಿಮ್ ಕೊಳ್ಳುವಾಗ ರೀಕಾ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಮತ್ತು ವಿಳಾಸದ ದಾಖಲೆ ಕೇಳುತ್ತಾರೆ, ಬಾಡಿಗೆ ಕರಾರು ಪತ್ರ ಜೊತೆಗಿರಲಿ.

ಪ್ರಶ್ನೆ: ಪ್ರಿಟೋರಿಯಾದ ನಮ್ಮ ಕಚೇರಿಯಲ್ಲಿ ಐಪಿ ಫೋನ್ ಹಾಕಿಸಿದೆವು. ಕರೆಗಳು ಅರ್ಧ ನಿಮಿಷಕ್ಕೆ ತಾನಾಗಿಯೇ ಕಡಿಯುತ್ತವೆ. ಕೆಲವೊಮ್ಮೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ.

ಉತ್ತರ: ಗಡಿಯಾರ ಹಿಡಿದು ನೋಡಿ, ಸರಿಯಾಗಿ 32 ಸೆಕೆಂಡಿಗೆ ಕಡಿಯುತ್ತಿರಬೇಕು. ಕರೆ ಎತ್ತಿದ ಮೇಲೆ ‘ಗೊತ್ತಾಯಿತು’ ಎಂಬ ಒಂದು ಸಂದೇಶ ವಾಪಸು ಮುಟ್ಟಬೇಕು. ಮುಟ್ಟದಿದ್ದರೆ ಐಪಿ ಫೋನ್‌ಗಳು ಕರೆ ಜೋಡಿಸಲು ಬಳಸುವ ಎಸ್‌ಐಪಿ ನಿಯಮದಂತೆ 32 ಸೆಕೆಂಡ್ ಕಾದು ಕರೆ ಕೈಬಿಡಲಾಗುತ್ತದೆ. ಧ್ವನಿ ಒಂದೇ ಕಡೆಗೆ ಬರುವುದೂ ಬಹುತೇಕ ಇದೇ ಕಾರಣಕ್ಕೆ: ಫೋನು ತನ್ನ ಒಳಗಿನ 192.168 ವಿಳಾಸವನ್ನೇ ಹೊರಗೆ ಹೇಳಿಕೊಂಡಿರುತ್ತದೆ. ರೂಟರ್‌ನಲ್ಲಿ ‘ಎಸ್‌ಐಪಿ ಎಎಲ್‌ಜಿ’ ಎಂಬುದು ಆನ್ ಇದ್ದರೆ ಆಫ್ ಮಾಡಿ, ರೂಟರನ್ನು ಒಮ್ಮೆ ಆರಿಸಿ ಹಚ್ಚಿ. ನಂತರ ಫೋನ್‌ಗಳನ್ನೂ ರೀಸ್ಟಾರ್ಟ್ ಮಾಡಿ. ರೂಟರ್‌ನ ಯುಡಿಪಿ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ರೂಟರ್ ಮರೆಯುವ ಅವಧಿ) 30 ಸೆಕೆಂಡ್ ಇದ್ದರೆ 180ಕ್ಕೆ ಏರಿಸಿ. ಮಾತು ತುಂಡು ತುಂಡಾಗಿ ಕೇಳುವುದಿದ್ದರೆ ಅದು ಬೇರೆಯೇ ರೋಗ. ಧ್ವನಿಯನ್ನು ಡಿಜಿಟಲ್ ಮಾಡುವ ಜಿ.711 ಪದ್ಧತಿಯಲ್ಲಿ ಒಂದು ಕರೆಗೆ ಎರಡೂ ದಿಕ್ಕಿಗೆ ತಲಾ 87 ಕೆಬಿಪಿಎಸ್ ಸಾಕು, ಹತ್ತು ಕರೆಗೆ ಒಂದು ಎಂಬಿಪಿಎಸ್‌ಗಿಂತ ಕಡಿಮೆ. ಹಾಗಾಗಿ ದೊಡ್ಡ ಪ್ಲಾನ್ ಕೊಳ್ಳುವ ಮೊದಲು, ಹಗಲಲ್ಲಿ ಕ್ಲೌಡ್ ಬ್ಯಾಕಪ್ ಓಡಿ ಅಪ್‌ಲೋಡ್ ತುಂಬುತ್ತಿದೆಯೇ ನೋಡಿ. ಓಡುತ್ತಿದ್ದರೆ ಅದನ್ನು ರಾತ್ರಿಗೆ ಹಾಕಿ.