ಊರ ಪಕ್ಕದ ಹೊಲದಲ್ಲಿ ಕಲ್ಲು ಕ್ವಾರಿ, ಕ್ರಷರ್ ಬರುತ್ತಿವೆ ಅಂದಾಗ ತಕರಾರು ಎಲ್ಲಿ, ಯಾವಾಗ, ಹೇಗೆ ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹುನಗುಂದ ತಾಲ್ಲೂಕಿನ ನಿಮ್ಮೂರಿಗೆ ಹತ್ತಿದ ಪಟ್ಟಾ ಹೊಲದಲ್ಲಿ ಕಲ್ಲು ಕ್ವಾರಿಯೂ ಕ್ರಷರೂ ಬರುತ್ತವಂತೆ. ಪಂಚಾಯ್ತಿಯಲ್ಲಿ ಕೇಳಿದರೆ ನಮಗೆ ಯಾವ ಕಾಗದವೂ ಬಂದಿಲ್ಲ ಅನ್ನುತ್ತಾರೆ. ಅದರ ಬಾಜೂ ಹೊಲದಲ್ಲಿ ಎನ್ಎ (ಕೃಷಿಯೇತರ) ಪ್ಲಾಟಿನ ಬೋರ್ಡು ನಿಂತಿದೆ. ಎಲ್ಲಿ ತಕರಾರು ಕೊಡಬೇಕು, ಪ್ಲಾಟು ಕೊಳ್ಳಬಹುದೇ?

ಪಂಚಾಯ್ತಿಯವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಕ್ವಾರಿಯ ಕಡತ ಪಂಚಾಯ್ತಿಯಲ್ಲಿ ಹುಟ್ಟುವುದೇ ಇಲ್ಲ. ಅದು ಹುಟ್ಟುವುದು ಬಾಗಲಕೋಟೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ, 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಅಡಿ. ಅಲ್ಲಿಂದ ಅಭಿಪ್ರಾಯಕ್ಕಾಗಿ ಕಂದಾಯ, ಅರಣ್ಯ ಇಲಾಖೆಗಳಿಗೆ ಹೋಗುತ್ತದೆ. ಆಮೇಲೆ ಕ್ವಾರಿ ಯೋಜನೆ, ಬೆಂಗಳೂರಿನ ರಾಜ್ಯ ಪರಿಸರ ಪ್ರಾಧಿಕಾರದಿಂದ ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಲೀಸ್ ಕರಾರು ಎಲ್ಲ ಆಗಬೇಕು. ಕ್ರಷರಿನದು ಬೇರೆಯೇ ಕಡತ: ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ 2011ರ ಕಲ್ಲು ಕ್ರಷರ್ ನಿಯಂತ್ರಣ ಕಾಯ್ದೆಯಡಿ ಅದಕ್ಕೆ ಲೈಸೆನ್ಸ್ ಕೊಡುತ್ತದೆ. ಒಂದು ಕಡತಕ್ಕೆ ಕೊಟ್ಟ ತಕರಾರು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಎಷ್ಟೋ ಊರುಗಳು ಸೋಲುವುದು ಇಲ್ಲೇ. ಇನ್ನೂರು ಸಹಿ ಹಾಕಿದ ಮನವಿ ತಹಶೀಲ್ದಾರರ ಟಪಾಲಿನಲ್ಲಿ ಕೂತಿರುತ್ತದೆ, ತೀರ್ಮಾನ ಬೆಂಗಳೂರಿನಲ್ಲಿ ಆಗಿರುತ್ತದೆ.

ಮೊದಲು ಸರ್ವೆ ನಂಬರ್ ಗಟ್ಟಿ ಮಾಡಿಕೊಳ್ಳಿ. ಹೊಲದ ಬದುವಿನ ಹತ್ತಿರ ರಸ್ತೆಯಲ್ಲೇ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನಂಬರ್ ಗೊತ್ತಾಗುತ್ತದೆ. ಆ ನಂಬರಿನ ಉತಾರ (ಪಹಣಿ) ತೆಗೆಸಿ. ಹಿಸ್ಸಾ ಎಷ್ಟು, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಇತರ ಹಕ್ಕು-ಋಣಗಳ 11ನೇ ಕಾಲಮ್ಮಿನಲ್ಲಿ ಏನು ಬರೆದಿದೆ ನೋಡಿ. ಖರಾಬಿನಲ್ಲಿ ‘ಬಿ’ ಇದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಹೊಲದ ಒಡೆಯ ಅದನ್ನು ತನ್ನದೆಂದು ಕ್ವಾರಿಗೆ ಬಿಟ್ಟುಕೊಡಲು ಬರುವುದಿಲ್ಲ. ಜೊತೆಗೆ ಗ್ರಾಮ ನಕಾಶೆಯೂ ಬೇಕು. ಬೇಸಿಗೆಯಲ್ಲಿ ಒಣಗುವ ಹಳ್ಳ ಅರ್ಜಿಯ ನಕ್ಷೆಯಿಂದ ಮಾಯವಾಗಿರಬಹುದು, ಹಳೆಯ ಗ್ರಾಮ ನಕಾಶೆಯಲ್ಲಿ ಉಳಿದಿರುತ್ತದೆ.

ನಂಬರ್ ಸಿಕ್ಕ ಮೇಲೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ಪರಿಸರ ಅನುಮತಿಗೆ ಅರ್ಜಿ ಬಿದ್ದಿದ್ದರೆ ನಮೂನೆ, ಕ್ವಾರಿ ಯೋಜನೆ, ನಕ್ಷೆ, ಗಡಿಕಲ್ಲುಗಳ ಅಕ್ಷಾಂಶ-ರೇಖಾಂಶ ಅಲ್ಲಿರುತ್ತವೆ. ಗಣಿ ಇಲಾಖೆಯ ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಇದನ್ನು ಮೀರಿದರೆ ಅರ್ಜಿ ಆ ಒಂದೇ ಕಾರಣಕ್ಕೆ ವಾಪಸು ಬರಬಹುದು. ‘ಯಾಕೆ ಕೊಟ್ಟಿರಿ’ ಅಂತ ಕೇಳಬೇಡಿ, ಕಾಗದ ಕೇಳಿ: ಕ್ವಾರಿ ಅರ್ಜಿಯ ನಕಲು, ಸ್ಥಳ ತನಿಖೆಯ ವರದಿ, ತಹಶೀಲ್ದಾರರ ಅಭಿಪ್ರಾಯ, ನಕ್ಷೆ, 500 ಮೀಟರ್ ಒಳಗಿನ ಬೇರೆ ಕ್ವಾರಿಗಳ ಪಟ್ಟಿ.

ಈ ಪಟ್ಟಿಯ ಮೇಲೆ ನನಗೆ ವಿಶೇಷ ಕಣ್ಣು, ಯಾಕೆಂದರೆ ಊರಿಗೆ ಅಹವಾಲು ಸಭೆ ಸಿಗುವುದೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ 2016ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ‘ಕ್ಲಸ್ಟರ್’ ಅನ್ನುವ ಲೆಕ್ಕ ಬಂತು. ಒಂದೇ ಬಗೆಯ ಖನಿಜದ ಒಂದು ಲೀಸಿನ ಅಂಚಿಗೂ ಇನ್ನೊಂದರ ಅಂಚಿಗೂ 500 ಮೀಟರಿಗಿಂತ ಕಡಿಮೆ ಅಂತರ ಇದ್ದರೆ ಅವೆಲ್ಲ ಸೇರಿ ಒಂದು ಕ್ಲಸ್ಟರ್. ಒಟ್ಟು 5 ಹೆಕ್ಟೇರ್ ದಾಟಿದರೆ ಪೂರ್ಣ ಪರಿಣಾಮ ಅಧ್ಯಯನವೂ ಸಾರ್ವಜನಿಕ ಅಹವಾಲು ಸಭೆಯೂ ಬೇಕು. ನಮ್ಮ ಲೆಕ್ಕದಲ್ಲಿ 5 ಹೆಕ್ಟೇರ್ ಅಂದರೆ 12 ಎಕರೆ 14 ಗುಂಟೆ. ಒಂದೇ ಕ್ವಾರಿ 4 ಎಕರೆ 20 ಗುಂಟೆ ಇದ್ದರೆ ಸಭೆ ಇಲ್ಲದೆ ಮುಗಿಯಬಹುದು. ಅಂಥವೇ ಮೂರು ಅಕ್ಕಪಕ್ಕ ಇದ್ದರೆ 13 ಎಕರೆ 20 ಗುಂಟೆ ಆಯಿತು, ಸಭೆ ಮಾಡಲೇಬೇಕು. ಅಳತೆ ಅಂಚಿನಿಂದ ಅಂಚಿಗೆ, ನಡುವಿನಿಂದ ನಡುವಿಗಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಕೆಲಸ ನಿಂತ ಲೀಸುಗಳನ್ನೂ, 2016ರ ಜನವರಿ 15ಕ್ಕೆ ಮೊದಲೇ ಪರಿಸರ ಅನುಮತಿ ಪಡೆದವನ್ನೂ ಈ ಲೆಕ್ಕದಿಂದ ಬಿಡುತ್ತಾರೆ. ನಿಂತಿದೆ ಎಂದು ತೋರಿಸಿದ ಕ್ವಾರಿಯಿಂದ ಈಗಲೂ ಟಿಪ್ಪರ್ ಹೊರಡುತ್ತಿದ್ದರೆ ದಿನಾಂಕ ಕಾಣುವ ಫೋಟೋ ತೆಗೆದಿಡಿ. ಇಳಕಲ್-ಹುನಗುಂದದ ಗ್ರಾನೈಟ್ ಪಟ್ಟಿಯಲ್ಲಿ ಕ್ವಾರಿಗಳು ಒತ್ತೊತ್ತಾಗಿರುವ ಕಡೆ ಈ ಲೆಕ್ಕವನ್ನು ನೀವೇ ಇನ್ನೊಮ್ಮೆ ಹಾಕಿ ನೋಡಬೇಕು.

ಅಹವಾಲು ಸಭೆ ಇದೆ ಅಂದರೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಅಧ್ಯಯನದ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆ ನಡೆಸುವವರು ಜಿಲ್ಲಾಧಿಕಾರಿ, ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ವಿಡಿಯೋ ಆಗಬೇಕು. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಓದದೆ ಎದ್ದು ಹೊರಟರೆ ಅಲ್ಲೇ ನಿಲ್ಲಿಸಿ ಕೇಳಿ, ಆ ಮಾತು ವಿಡಿಯೋದಲ್ಲಿ ದಾಖಲಾಗಲಿ. ಸಭೆಗೆ ಕೋರಂ ಇಲ್ಲ, ನೀವು ಬಹಿಷ್ಕರಿಸಿದರೂ ಅದು ನಡೆದಂತೆಯೇ. ಬಹಿಷ್ಕಾರ ದೊಡ್ಡ ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ನೂರು ಜನ ಹೊರಗೆ ಘೋಷಣೆ ಕೂಗುವುದಕ್ಕಿಂತ ನಾಲ್ಕು ಜನ ಒಳಗೆ ಅಳತೆ ಸಮೇತ ಮಾತಾಡಿ ಲಿಖಿತ ಪ್ರತಿ ಕೊಟ್ಟು ಸ್ವೀಕೃತಿ ಪಡೆಯುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಸಭೆ ಇಲ್ಲದ ಅರ್ಜಿಯಾದರೆ, ಪರಿಸರ ಅನುಮತಿಯ ಅರ್ಜಿಗಳನ್ನು ಪರಿಶೀಲಿಸುವ ರಾಜ್ಯ ತಜ್ಞರ ಮೌಲ್ಯಮಾಪನ ಸಮಿತಿಯ ಕಾರ್ಯಸೂಚಿಯನ್ನು ಜಾಲತಾಣದಲ್ಲಿ ನೋಡುತ್ತಿರಿ. ನಿಮ್ಮ ಸರ್ವೆ ನಂಬರ್ ಬರುವ ಸಭೆಗೆ ಮುಂಚೆಯೇ ರಿಜಿಸ್ಟರ್ಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ತಕರಾರು ತಲುಪಿರಬೇಕು.

ಗ್ರಾಮಸಭೆ ಠರಾವು ಮಾಡಿಸಬೇಕೇ? ಮಾಡಿಸಿ, ಆದರೆ ಅದೊಂದರಿಂದಲೇ ಕ್ವಾರಿ ನಿಲ್ಲುತ್ತದೆ ಅಂತ ನಂಬಿ ಕೂಡಬೇಡಿ. ತಕರಾರಿನ ಜೊತೆ ಲಗತ್ತಿಸುವ ಒಂದು ಕಾಗದ ಅದು.

ತಕರಾರಿನಲ್ಲಿ ಏನಿರಬೇಕು ಅನ್ನುವುದು ಮುಖ್ಯ. ‘ಊರಿಗೆ ತೊಂದರೆ, ರದ್ದು ಮಾಡಿ’ ಎಂದು ಬರೆದರೆ ‘ಷರತ್ತು ವಿಧಿಸಲಾಗಿದೆ’ ಅನ್ನುವ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಹೀಗೆ ಬರೆಯಿರಿ: ‘ಲೀಸಿನ ಈಶಾನ್ಯ ಮೂಲೆಯ ಗಡಿಕಲ್ಲಿನಿಂದ 140 ಮೀಟರ್ ದೂರದಲ್ಲಿ ಆರು ತೋಟದ ಮನೆಗಳಿವೆ, ಪಂಚಾಯ್ತಿ ತೆರಿಗೆ ರಸೀದಿ ಲಗತ್ತಿಸಿದೆ, ಅರ್ಜಿಯ ನಕ್ಷೆಯಲ್ಲಿ ಇವು ಇಲ್ಲ.’ ಗಾಂವಠಾಣಾದ (ಊರಿನ ವಸತಿ ಜಾಗದ) ಹೊರಗೆ ಹೊಲದಲ್ಲಿ ಮನೆ ಕಟ್ಟಿಕೊಂಡವರೇ ನಕ್ಷೆಯಲ್ಲಿ ಬಿಟ್ಟುಹೋಗುವುದು ಹೆಚ್ಚು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಬ್ಲಾಸ್ಟಿಂಗ್ ಇರುವ ಕ್ವಾರಿಗೆ ಮನೆಗಳಿಂದ 200 ಮೀಟರ್, ಬ್ಲಾಸ್ಟಿಂಗ್ ಇಲ್ಲದ್ದಕ್ಕೆ 100 ಮೀಟರ್ ಅಂತರ ಶಿಫಾರಸು ಮಾಡಿದೆ. ಆ ಅಂಕಿಯನ್ನು ನಿಮ್ಮ ಅಳತೆಯ ಪಕ್ಕ ಇಡಿ.

ಅರ್ಜಿಯಲ್ಲಿ ಖನಿಜದ ಹೆಸರೇನಿದೆ ಅಂತಲೂ ನೋಡಿ. ಇಳಕಲ್ ಕೆಂಪು ಗ್ರಾನೈಟಿನಂಥ ಅಲಂಕಾರಿಕ ಕಲ್ಲಾದರೆ ಇಡೀ ದಿಮ್ಮಿ ಸೀಳದೆ ಬರಬೇಕು, ಹಾಗಾಗಿ ವಜ್ರದ ತಂತಿ ಗರಗಸದಿಂದ ಕೊಯ್ಯುತ್ತಾರೆ, ಭಾರೀ ಸ್ಫೋಟ ಇರುವುದಿಲ್ಲ. ಅಲ್ಲಿ ತಲೆನೋವು ಬಂಡೆ ತ್ಯಾಜ್ಯದ್ದು. ತೆಗೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದಿಮ್ಮಿಯಾಗದೆ ರಾಶಿ ಬೀಳುತ್ತದೆ, ಆ ರಾಶಿ ಹಳ್ಳಕ್ಕೆ ಜಾರುತ್ತದೆ. ‘ಕಟ್ಟಡ ಕಲ್ಲು’ ಅಂತಿದ್ದರೆ ಅದು ಖಡಿ (ಜಲ್ಲಿ), ಎಂ-ಸ್ಯಾಂಡಿಗೆ (ಕಲ್ಲು ಪುಡಿ ಮಾಡಿದ ಮರಳಿಗೆ). ಅಲ್ಲಿ ಕುಳಿ ಕೊರೆದು ಮದ್ದು ಹಾಕುವುದೇ ಕೆಲಸ. ನಿಮ್ಮಲ್ಲಿ ಕ್ರಷರೂ ಬರುತ್ತಿದೆ ಅಂದರೆ ಬಹುಶಃ ಇದೇ.

ಬ್ಲಾಸ್ಟಿಂಗಿನಲ್ಲಿ ಕಲ್ಲು ಹಾರುವುದು ಬೇರೆ, ನೆಲ ನಡುಗುವುದು ಬೇರೆ. ಕುಳಿಯ ಬಾಯಿಗೆ ಸಾಕಷ್ಟು ಮಣ್ಣು ಗಿಡಿಯದಿದ್ದರೆ ಕಲ್ಲು ಹಾರುತ್ತದೆ. ನಡುಕಕ್ಕೆ ಕಾರಣ ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ತೂಕ. ಕುಳಿಗಳನ್ನು ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಸಿಡಿಸಿದರೆ ಕಡಿಮೆಯಾಗುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, ಗಣಿ ಮಾಲೀಕರದಲ್ಲದ ಮನೆಗಳ ಬಳಿ ನಡುಕದ ವೇಗ 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15 ಮೀರಬಾರದು. ಹಳೆಯ ಸ್ಮಾರಕಗಳ ಬಳಿ ಇದೇ ಮಿತಿ 2, 5, 10. ಐಹೊಳೆ ಇದೇ ತಾಲ್ಲೂಕಿನಲ್ಲಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅನ್ನುವುದು ಆ ಕಡೆಯವರಿಗೆ ಬೇಕಾಗುವ ಮಾತು. ನೀವು ಕೇಳಬೇಕಾದ ಷರತ್ತು: ಪ್ರತಿ ಬ್ಲಾಸ್ಟಿನ ನಡುಕವನ್ನು ಅತಿ ಹತ್ತಿರದ ಮನೆಯಲ್ಲೇ ಯಂತ್ರವಿಟ್ಟು ಅಳೆಯಬೇಕು, ಸಮಯ ಮೊದಲೇ ಸಾರಬೇಕು.

ಲಾರಿ ಲೆಕ್ಕವನ್ನು ಬಹಳ ಜನ ಹಾಕುವುದೇ ಇಲ್ಲ. ಅರ್ಜಿಯಲ್ಲಿ ವರ್ಷದ ಉತ್ಪಾದನೆ ಬರೆದಿರುತ್ತದೆ. ಉದಾಹರಣೆಗೆ 90,000 ಟನ್ ಇದೆ ಅನ್ನಿ. 300 ದಿನಕ್ಕೆ ಹಂಚಿದರೆ ದಿನಕ್ಕೆ 300 ಟನ್, 15 ಟನ್ನಿನ ಟಿಪ್ಪರಿಗೆ 20 ಲೋಡು, ಹೋಗಿ ಬರುವುದು ಸೇರಿ 40 ಓಡಾಟ. ಎಂಟು ತಾಸಿನಲ್ಲಿ 12 ನಿಮಿಷಕ್ಕೊಂದು ಟಿಪ್ಪರ್ ಶಾಲೆ ಮುಂದೆ ಹಾಯುತ್ತದೆ. ಇದನ್ನು ಬರೆದು, ಆ ರಸ್ತೆಯ ಅಗಲ ಟೇಪು ಹಿಡಿದು ಅಳೆದು, ರಸ್ತೆ ಯಾರದ್ದು, ಎಷ್ಟು ಭಾರಕ್ಕೆ ಕಟ್ಟಿದ್ದು ಅಂತ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಿಂದ ಕಾಗದ ಪಡೆಯಿರಿ. ಕ್ವಾರಿ ನಿಲ್ಲದಿದ್ದರೂ ಊರ ಹೊರಗಿಂದ ಬೇರೆ ದಾರಿ ಮಾಡಬೇಕೆಂದು ಒತ್ತಾಯಿಸಲು ಇದೇ ಆಧಾರ.

ಕ್ರಷರಿನ ವಿಷಯ ಚಿಕ್ಕದು. ಧೂಳು ಏಳುವ ಜಾಗಕ್ಕೆಲ್ಲ ಮುಚ್ಚಿಗೆ, ನೀರಿನ ಸಿಂಪಡಣೆ, ಗಾಳಿ ತಡೆಯುವ ಗೋಡೆ, ಒಳರಸ್ತೆಗೆ ಡಾಂಬರು ಅಥವಾ ಖಡಿ, ಸುತ್ತ ಗಿಡ ಇರಲೇಬೇಕು. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ತೇಲುವ ಧೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು. ಸಿಂಪಡಣೆಗೆ ದಿನಕ್ಕೆ ಎಷ್ಟು ಲೀಟರ್, ಆ ನೀರು ಎಲ್ಲಿಂದ ಅಂತ ಕೇಳಿ. ನಮ್ಮ ಬರದ ಸೀಮೆಯಲ್ಲಿ ಬೇಸಿಗೆಗೆ ಟ್ಯಾಂಕರ್ ನಿಂತಾಗ ಮೊದಲು ನಿಲ್ಲುವುದು ಇದೇ ಸಿಂಪಡಣೆ.

ಇನ್ನು ಪ್ಲಾಟು. ಎನ್ಎ ಆದೇಶ ಅಂದರೆ ಜಮೀನು ಕೃಷಿಯೇತರ ಆಯಿತು ಅಂತಷ್ಟೇ, ಲೇಔಟ್ ಮಂಜೂರಾಯಿತು ಅಂತಲ್ಲ. ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ವಿನ್ಯಾಸಕ್ಕೆ ಮಂಜೂರಾತಿ ಬೇಕು. 500 ಚದರ ಮೀಟರ್ ದಾಟಿದ ಮಾರಾಟದ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿ ಆಗಿರಬೇಕು, ಬೋರ್ಡಿನ ಮೇಲೆ ಆ ಸಂಖ್ಯೆ ಇಲ್ಲದಿದ್ದರೆ ಮುಂಗಡ ಕೊಡಬೇಡಿ. ಪಂಚಾಯ್ತಿ ಆಸ್ತಿ ದಾಖಲೆ ಕೊಡುವ ಇ-ಸ್ವತ್ತಿನಲ್ಲಿ ನಮೂನೆ 11ಬಿ ತೋರಿಸಿದರೆ ಸಮಾಧಾನಪಡಬೇಡಿ, ಮಂಜೂರಾದ ನಿವೇಶನಕ್ಕೆ ಬರುವುದು ನಮೂನೆ 9 ಮತ್ತು 11ಎ. ಬಾಗಲಕೋಟೆ, ಬೀಳಗಿ, ಜಮಖಂಡಿ ಕಡೆಯ ಹಿನ್ನೀರಿನ ಬದಿಯಲ್ಲಿ ಪ್ಲಾಟು ನೋಡುವವರು ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.6ರಿಂದ 524.256 ಮೀಟರಿಗೆ ಏರಿದಾಗ ಮುಳುಗುವ ಸರ್ವೆ ನಂಬರುಗಳ ಪಟ್ಟಿಯನ್ನೂ ನೋಡಬೇಕು. ನಿಮ್ಮ ವಿಷಯದಲ್ಲಿ, ಕ್ವಾರಿ ಅರ್ಜಿ ತೀರ್ಮಾನವಾಗುವವರೆಗೆ ಆ ಪ್ಲಾಟು ಕೊಳ್ಳಬೇಡಿ ಅಂತಲೇ ನಾನು ಹೇಳುವುದು. ಲೇಔಟಿನ ಮಂಜೂರಾದ ನಕ್ಷೆ ಏನಾದರೂ ಇದ್ದರೆ ಅದರ ನಕಲನ್ನು ಕ್ವಾರಿ ತಕರಾರಿಗೆ ಲಗತ್ತಿಸಿ. ಪಕ್ಕದಲ್ಲಿ ಜನವಸತಿಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ ಅನ್ನುವುದು ಗಟ್ಟಿ ಆಧಾರ.

ಅನುಮತಿ ಆಗಿಯೇ ಹೋದರೆ, ಅರ್ಜಿದಾರರು ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಅದನ್ನು ಪ್ರಕಟಿಸಬೇಕು. ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಹಾಕಲು 30 ದಿನ. ತಡಕ್ಕೆ ಸಕಾರಣ ತೋರಿಸಿದರೆ ಇನ್ನು 60 ದಿನ ಸಿಗಬಹುದು, ಅದರಾಚೆ ಬಾಗಿಲು ಮುಚ್ಚಿತು. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಷರತ್ತು ಪಾಲನೆಯ ವರದಿಯನ್ನು ಕ್ವಾರಿಯವರು ಪ್ರತಿ ಜೂನ್ 1, ಡಿಸೆಂಬರ್ 1ಕ್ಕೆ ಕೊಡಬೇಕು. ಲೀಸಿನ ಸುತ್ತ ಬಿಡಬೇಕಾದ 7.5 ಮೀಟರ್ ಅಂಚು ಉಳಿದಿದೆಯೇ ಅಂತ ಆ ವರದಿ ಹಿಡಿದು ಬದುವಿನಿಂದಲೇ ನೋಡಬಹುದು.

ಇಷ್ಟೆಲ್ಲದರ ನಡುವೆ ಈ ವಾರವೇ ಶುರು ಮಾಡಬೇಕಾದ ಕೆಲಸ ಒಂದಿದೆ. ಹತ್ತಿರದ ಪ್ರತಿ ಮನೆಯ ಗೋಡೆ, ಮಾಳಿಗೆ, ಅಡಿಪಾಯದ ಫೋಟೋ ತೆಗೆಯಿರಿ. ಈಗಾಗಲೇ ಬಿರುಕಿದ್ದರೆ ಪಕ್ಕ ಅಳತೆ ಪಟ್ಟಿ ಇಟ್ಟು ತೆಗೆಯಿರಿ, ಮುಚ್ಚಿಡಬೇಡಿ. ಹಳೆಯ ಬಿರುಕು ಎಷ್ಟಿತ್ತು ಅನ್ನುವ ದಾಖಲೆ ಇಲ್ಲದೆ ಹೊಸದನ್ನು ಸಾಬೀತು ಮಾಡಲಾಗುವುದಿಲ್ಲ. ಬಾವಿಗಳಲ್ಲಿ ಹಗ್ಗಕ್ಕೆ ಭಾರ ಕಟ್ಟಿ ನೆಲಮಟ್ಟದಿಂದ ನೀರಿಗೆ ಎಷ್ಟು ಮೀಟರ್ ಅಂತ ಅಳೆದು, ಏಪ್ರಿಲ್-ಮೇದಲ್ಲಿ ಒಮ್ಮೆ, ಮಳೆಗಾಲ ಮುಗಿದು ಅಕ್ಟೋಬರ್-ನವೆಂಬರಿನಲ್ಲಿ ಒಮ್ಮೆ ಬರೆದಿಡಿ. ಬೋರಿದ್ದರೆ ಎಷ್ಟು ತಾಸು ಓಡಿದ ಮೇಲೆ ನೀರು ನಿಲ್ಲುತ್ತದೆ ಅಂತ ಬರೆಯಿರಿ. ಆ ಹಾಳೆಗೆ ಊರಿನ ಇಬ್ಬರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಪಂಚಾಯ್ತಿಗೂ ಇನ್ನೊಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಕೊಟ್ಟು ದಿನಾಂಕದ ಮುದ್ರೆ ಒತ್ತಿಸಿಕೊಳ್ಳಿ. ಮೊದಲ ಬ್ಲಾಸ್ಟ್ ಆದ ಮೇಲೆ ಈ ದಾಖಲೆಯನ್ನು ಮಾಡಲು ಬರುವುದಿಲ್ಲ.