2.9 ಜಿಪಿಎಗೆ ಮಾಸ್ಟರ್ಸ್ ಮಾಡಬೇಕಾ, ಎಂಕ್ಯಾಟ್ ಮತ್ತೆ ಬರೀಬೇಕಾ?

ಪದವಿಯಲ್ಲಿ 2.9 ಜಿಪಿಎ (4ಕ್ಕೆ ಲೆಕ್ಕ ಹಾಕೋ ಸರಾಸರಿ ಗ್ರೇಡ್) ಇದೆ, ಅಮೆರಿಕದ ಮೆಡಿಕಲ್ ಕಾಲೇಜಿಗೆ ಸೇರೋಕೆ ಮಾಸ್ಟರ್ಸ್ ಮಾಡಬೇಕಾ, ಇಲ್ಲಾ ಅಲ್ಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ಮತ್ತೆ ಬರೀಬೇಕಾ ಅಂತ ಕೇಳಿದ್ದೀರಿ. ನಿಮ್ಮನ್ನು ಹಿಂದಕ್ಕೆ ಎಳೀತಿರೋದು ಒಟ್ಟು 2.9ಗಿಂತ ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್‌ನಲ್ಲಿ ನಿಮಗೆ ಬಂದಿರೋ ಸಿ ಗ್ರೇಡುಗಳು ಅನ್ಸುತ್ತೆ. ಅಮೆರಿಕದಲ್ಲಿ ವಿಜ್ಞಾನದ ಜಿಪಿಎ ಬೇರೇನೇ ಲೆಕ್ಕ ಹಾಕ್ತಾರೆ. ಮಾಸ್ಟರ್ಸ್‌ಗೆ ಈಗಲೇ ದುಡ್ಡು ಸುರೀಬೇಡಿ, ಆ ಅಂಕ ಪದವಿಯ ಜಿಪಿಎಗೆ ಸೇರಲ್ಲ. ಮೊದಲು ಪೋಸ್ಟ್-ಬ್ಯಾಕ್‌ನಲ್ಲಿ (ಪದವಿ ಮುಗಿದ ಮೇಲೆ ಓದೋ ಪದವಿ ಮಟ್ಟದ ಕೋರ್ಸುಗಳು) ಬಯೋಕೆಮಿಸ್ಟ್ರಿ, ಫಿಸಿಯಾಲಜಿ ತಗೊಳ್ಳಿ. ನಿಮ್ಮ 120 ಕ್ರೆಡಿಟ್ ಜೊತೆ ಇನ್ನೂ 30 ಕ್ರೆಡಿಟ್‌ಗೆ ಬರೀ ಎ ಬಂದರೂ ಒಟ್ಟು 3.12 ಅಷ್ಟೇ (ನಾನೂ ಇದೇ ಲೆಕ್ಕ ಹಾಕಿ ತಲೆ ಮೇಲೆ ಕೈ ಇಟ್ಕೊಂಡಿದ್ದೆ), ಆದರೆ ಓದು ಏರುಮುಖ ಅಂತ ಕಾಣುತ್ತೆ. ಸಿ ಬಂದದ್ದನ್ನು ಮತ್ತೆ ಓದಿದರೆ ಹಳೇದು ಅಳಿಸಿಹೋಗಲ್ಲ, ಎರಡೂ ಲೆಕ್ಕಕ್ಕೆ ಬರುತ್ತೆ. ಎಂಕ್ಯಾಟ್ ಅದಾದ ಮೇಲೆ. ಪ್ರಾಕ್ಟೀಸ್ ಟೆಸ್ಟ್‌ನಲ್ಲಿ 510 ದಾಟೋವರೆಗೆ ಬರೀಬೇಡಿ. ಸೀಟು ಖಾತ್ರಿ ಅಂತ ಹೇಳಲಾರೆ, ಡಿಒ (ಎಂಡಿ ಥರಾನೇ ಡಾಕ್ಟರ್ ಆಗೋ ಆಸ್ಟಿಯೋಪಥಿಕ್ ಪದವಿ) ಕಾಲೇಜುಗಳನ್ನೂ ಪಟ್ಟಿಗೆ ಸೇರಿಸಿ, ಅರ್ಜಿ ಜೂನ್‌ನಲ್ಲೇ ಕಳಿಸಿ.